ತೇಪೆಗಳ ಸಾಲು

ಹರಿದ ಅಂಗಿಗೆ ತೇಪೆ ಹಾಕುವುದು ಈಗ ಅಪರೂಪ. ಅಂಗಿ ಹರಿಯುವ ಮೊದಲೇ ಹೊಸತು ಬಂದಿರುತ್ತದೆ. ಆದರೆ ಹಳಬರಿಗೆ ಗೊತ್ತು, ತೇಪೆ ಹಾಕುವುದಕ್ಕೂ ಒಂದು ಲೆಕ್ಕಾಚಾರವಿದೆ. ತುಂಡು ಬಟ್ಟೆ ಹರಕಿಗಿಂತ ತುಸು ದೊಡ್ಡದಿರಬೇಕು. ಅದರ ಅಂಚು ಸುತ್ತಲಿನ ಗಟ್ಟಿ ಬಟ್ಟೆಯನ್ನು ಹಿಡಿದುಕೊಳ್ಳಬೇಕು. ಮೊಣಕೈಗೆ ಹಾಕಿದ ತೇಪೆ ಕಂಕುಳಿನ ಹೊಲಿಗೆಯನ್ನು ಎಳೆಯಬಾರದು. ಅಂಗಿ ನಾಲ್ಕು ಕಡೆ ಹರಿದಿದ್ದರೆ ನಾಲ್ಕಕ್ಕೂ ಸೇರಿಸಿ ಒಂದೇ ದೊಡ್ಡ ಬಟ್ಟೆ ಹೊದೆಸುವ ದರ್ಜಿ ಎಲ್ಲೂ ಸಿಗುವುದಿಲ್ಲ.

ಗಣಕಯಂತ್ರದ ಲೋಕದಲ್ಲಿ ಈ ತೇಪೆಗೆ ಇಂದಿಗೂ ಮರ್ಯಾದೆ ಇದೆ. ಅಲ್ಲಿ ಅದರ ಹೆಸರು ಪ್ಯಾಚ್. ಆ ಹೆಸರು ಬಂದದ್ದೂ ನಿಜವಾದ ತೇಪೆಯಿಂದಲೇ. ಹಿಂದೆ ಗಣಕಕ್ಕೆ ಆದೇಶ ಕೊಡುತ್ತಿದ್ದುದು ಕಾಗದದ ಪಟ್ಟಿಗಳಲ್ಲಿ, ಕಾರ್ಡುಗಳಲ್ಲಿ ಕೊರೆದ ತೂತುಗಳ ಮೂಲಕ. ತಪ್ಪು ಜಾಗದಲ್ಲಿ ತೂತು ಬಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ತಪ್ಪು ದೊಡ್ಡದಾದರೆ ಪಟ್ಟಿಯ ಆ ಭಾಗವನ್ನೇ ಕತ್ತರಿಸಿ ಸರಿಯಾದ ತುಂಡನ್ನು ಕೂಡಿಸುತ್ತಿದ್ದರು. ಕಾಗದದ ಪಟ್ಟಿ ಹೋಯಿತು, ಗೋಂದೂ ಹೋಯಿತು, ಹೆಸರು ಮಾತ್ರ ಉಳಿಯಿತು.

ಇಂದಿನ ಪ್ಯಾಚ್ ಎಂದರೆ ಒಂದು ಪುಟ್ಟ ಬರವಣಿಗೆ. ತಂತ್ರಾಂಶದ ಯಾವ ಕಡತದಲ್ಲಿ ಯಾವ ಸಾಲನ್ನು ತೆಗೆಯಬೇಕು, ಅದರ ಜಾಗದಲ್ಲಿ ಯಾವ ಸಾಲು ಬರಬೇಕು ಎಂಬುದು ಅದರಲ್ಲಿರುತ್ತದೆ. ತೆಗೆಯುವ ಸಾಲಿನ ಮುಂದೆ ಮೈನಸ್ ಗುರುತು, ಸೇರಿಸುವ ಸಾಲಿನ ಮುಂದೆ ಪ್ಲಸ್ ಗುರುತು. ಮೇಲೆ ಮೂರು, ಕೆಳಗೆ ಮೂರು ಹಳೆಯ ಸಾಲುಗಳನ್ನು ಇದ್ದಂತೆಯೇ ಬರೆದಿರುತ್ತಾರೆ. ಇವು ತೇಪೆಯ ಅಂಚುಗಳು. ಈ ತುಂಡು ಎಲ್ಲಿ ಕೂರಬೇಕೆಂದು ಯಂತ್ರಕ್ಕೆ ತಿಳಿಯುವುದು ಇವುಗಳಿಂದ. ಎರಡು ಕಡತಗಳ ವ್ಯತ್ಯಾಸವನ್ನು ತೆಗೆದು ತೋರಿಸುವ ‘ಡಿಫ್’ ಎಂಬ ಪ್ರೋಗ್ರಾಮು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿತು. ಆ ವ್ಯತ್ಯಾಸವನ್ನು ಹಳೆಯ ಕಡತಕ್ಕೆ ತಾನಾಗಿ ಹೊಲಿದು ಕೊಡುವ ‘ಪ್ಯಾಚ್’ ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ ಎಂಬವರು 1985ರಲ್ಲಿ ಬರೆದು ಎಲ್ಲರಿಗೂ ಹಂಚಿದರು. ಇಡೀ ತಂತ್ರಾಂಶವನ್ನು ಕಳುಹಿಸಬೇಕಾಗಿಲ್ಲ, ಬದಲಾದಷ್ಟನ್ನು ಮಾತ್ರ ಕಳುಹಿಸಿದರೆ ಸಾಕು ಎಂದಾದ ಮೇಲೆ, ಒಬ್ಬರ ಮುಖ ಒಬ್ಬರು ನೋಡದ ಜನ ಕೂಡಿ ಕೆಲಸ ಮಾಡುವುದು ಸುಲಭವಾಯಿತು. ಮುಕ್ತ ತಂತ್ರಾಂಶ ಎಂದು ಕರೆಯುವ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ತಂತ್ರಾಂಶಗಳು ಬೆಳೆದದ್ದು ಹೀಗೆ.

ಈ ದೊಡ್ಡ ಲೋಕಕ್ಕೆ ಬೈಕಂಪಾಡಿಯಿಂದಲೂ ಒಂದು ಸಣ್ಣ ಬಾಗಿಲಿದೆ.

ಐಸ್ ರೂಮಿನಲ್ಲಿ 238 ಡಿಗ್ರಿ!

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟರೆ ಪಣಂಬೂರು ದಾಟುತ್ತಲೇ ಬೈಕಂಪಾಡಿ. ಹಿಂದೆ 17 ಎನ್ನುತ್ತಿದ್ದ, ಈಗ 66 ಎಂಬ ಸಂಖ್ಯೆ ಹೊತ್ತ ರಾಷ್ಟ್ರೀಯ ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ. ಒಂದು ಪಕ್ಕದಲ್ಲಿ 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು, ಇನ್ನೊಂದು ಪಕ್ಕದಲ್ಲಿ ಕೈಗಾರಿಕಾ ಪ್ರದೇಶ. ಹಗಲು ರಾತ್ರಿ ಎನ್ನದೆ ಲಾರಿಗಳ ಸಾಲು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ನೂರಾರು ಸಣ್ಣ ಘಟಕಗಳು: ವೆಲ್ಡಿಂಗ್ ಶೆಡ್ಡುಗಳು, ಲೇತ್ ಯಂತ್ರದ ಅಂಗಡಿಗಳು, ಗೋದಾಮುಗಳು, ಮೀನು ಹೆಪ್ಪುಗಟ್ಟಿಸುವ ಶೈತ್ಯಾಗಾರಗಳು.

ಅಂಥದೊಂದು ಶೈತ್ಯಾಗಾರದಲ್ಲಿ ವಿದ್ಯುತ್ ಉಪಕರಣಗಳನ್ನು ನೋಡಿಕೊಳ್ಳುವ ಹುಡುಗನೊಬ್ಬನಿದ್ದಾನೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಧಣಿಗಳು ಒಮ್ಮೆ, “ಕೋಣೆಯ ಉಷ್ಣತೆ ಗಂಟೆಗಂಟೆಗೂ ದಾಖಲಾಗಬೇಕು, ಹೆಚ್ಚಾದರೆ ಬಝರ್ ಹೊಡೆಯಬೇಕು, ಖರ್ಚು ಕಡಿಮೆಯಾಗಬೇಕು” ಎಂದರು. ಆತ ಅಂಗೈಯಗಲದ ಒಂದು ಗಣಕ ತಂದ, ಒಂದು ಉಷ್ಣತಾ ಸಂವೇದಕ ತಂದ. ಅದನ್ನು ಓದಲು ಧರ್ಮಕ್ಕೆ ಸಿಗುವ ಒಂದು ಮುಕ್ತ ತಂತ್ರಾಂಶವನ್ನು ಹಾಕಿದ. ಮೇಜಿನ ಮೇಲಿಟ್ಟಾಗ 31 ಡಿಗ್ರಿ ಎಂದು ಸರಿಯಾಗಿಯೇ ತೋರಿಸಿತು. ಬಂಗುಡೆ, ಅಂಜಲ್ ತುಂಬಿದ ಕೋಣೆಯೊಳಗೆ ಇಟ್ಟದ್ದೇ ತಡ, 238 ಡಿಗ್ರಿ ಎಂದು ಬಝರ್ ಕಿರುಚತೊಡಗಿತು.

“ಎಂಥ ಮಾರಾಯ ಇದು? ಐಸ್ ರೂಮಲ್ಲಿ 238 ಡಿಗ್ರಿಯಾ? ಮೀನು ಫ್ರೈ ಆಗಿದೆಯಾ ನೋಡು” ಎಂದು ಕಂಪ್ರೆಸರ್ ನೋಡಿಕೊಳ್ಳುವ ಮೇಸ್ತ್ರಿ ನಕ್ಕರು. ಎರಡು ದಿನ ಕಿರುಚಾಟ ಕೇಳಿದ ಮೇಲೆ ಯಾರೋ ಬಝರಿನ ತಂತಿ ಕಿತ್ತುಬಿಟ್ಟರು. ನಗುವ ವಿಷಯವೇ. ಆದರೆ ತಂತಿ ಕಿತ್ತ ಬಝರ್, ಕಂಪ್ರೆಸರ್ ನಿಜವಾಗಿಯೂ ಕೆಟ್ಟ ರಾತ್ರಿಯಲ್ಲೂ ಬಾಯಿ ಬಿಡುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಮೀನು ಬೆಳಗಾಗುವಷ್ಟರಲ್ಲಿ ಗೊಬ್ಬರವಾಗುತ್ತದೆ.

238 ಎಲ್ಲಿಂದ ಬಂತು? ಲಾರಿಯ ಮೈಲು ಮೀಟರನ್ನು ನೆನಪಿಸಿಕೊಳ್ಳಿ. ನಾಲ್ಕು ಅಂಕಿಯ ಮೀಟರು 0000ದಲ್ಲಿದ್ದಾಗ ಒಂದು ಮೈಲು ಹಿಂದಕ್ಕೆ ತಿರುಗಿಸಿದರೆ 9999 ಆಗುತ್ತದೆ. ಆ ಸಂವೇದಕವೂ ಹಾಗೆಯೇ. ಅದರ ಬಳಿ 12 ಬಿಟ್‌ಗಳ ಜಾಗವಿದೆ, ಅಂದರೆ 0ಯಿಂದ 4095ರವರೆಗೆ 4096 ಸಂಖ್ಯೆಗಳು. ಒಂದೊಂದು ಸಂಖ್ಯೆಯೂ ಡಿಗ್ರಿಯ ಹದಿನಾರನೆಯ ಒಂದು ಪಾಲು. ಸೊನ್ನೆಗಿಂತ ಕೆಳಗಿನ ಉಷ್ಣತೆಯನ್ನು ಹೇಳಲು ಅದು ಮೀಟರನ್ನು ಹಿಂದಕ್ಕೆ ತಿರುಗಿಸುತ್ತದೆ. ಕೋಣೆ ಇದ್ದುದು ಮೈನಸ್ 18 ಡಿಗ್ರಿಯಲ್ಲಿ. 18ನ್ನು 16ರಿಂದ ಗುಣಿಸಿದರೆ 288. 4096ರಿಂದ 288 ಕಳೆದರೆ 3808. ಓದುವ ತಂತ್ರಾಂಶ ಇದು ಹಿಂದಕ್ಕೆ ತಿರುಗಿದ ಮೀಟರು ಎಂದು ತಿಳಿಯದೆ 3808ನ್ನು 16ರಿಂದ ಭಾಗಿಸಿತು. ಬಂದ ಉತ್ತರ 238. ಬಿಸಿಲಿನ ದೇಶದಲ್ಲಿ, ಮನೆಯೊಳಗೆ, ತೋಟದಲ್ಲಿ ಬಳಸುವವರಿಗೆ ಈ ತಪ್ಪು ಎಂದೂ ಕಾಣುತ್ತಿರಲಿಲ್ಲ. ಸೊನ್ನೆಯ ಕೆಳಗೆ ಹೋದವರಿಗೆ ಮಾತ್ರ ಕಂಡಿತು.

ತಂತ್ರಾಂಶದ ಸಾಲುಗಳನ್ನು ತೆರೆದು ನೋಡುವ ಹಕ್ಕು ಎಲ್ಲರಿಗೂ ಇದ್ದುದರಿಂದ ಹುಡುಗ ತೆರೆದು ನೋಡಿದ. ಅಂದು ರಾತ್ರಿಯೇ ಎರಡು ಸಾಲು ತಿದ್ದಿದ. ಬೆಳಿಗ್ಗೆ ಪರದೆಯ ಮೇಲೆ ಮೈನಸ್ 18 ಬಂತು, ಬಝರಿನ ತಂತಿ ಮತ್ತೆ ಜೋಡಣೆಯಾಯಿತು. ಅಲ್ಲಿಗೆ ಕೆಲಸ ಮುಗಿಯಿತು ಎನ್ನಬಹುದಿತ್ತು. ಆದರೆ ಆ ತಂತ್ರಾಂಶದ ಹೊಸ ಆವೃತ್ತಿ ಬಂದ ದಿನ ಹಳೆಯ ತಪ್ಪೂ ಮರಳಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇನ್ನೆಲ್ಲೋ ಒಂದು ರಕ್ತನಿಧಿಯಲ್ಲಿ ಮೈನಸ್ 30 ಡಿಗ್ರಿಯಲ್ಲಿ ಇಡುವ ಪ್ಲಾಸ್ಮಾದ ಪೆಟ್ಟಿಗೆಗೆ ಇದೇ ತಂತ್ರಾಂಶ ಹಾಕಿದವರಿದ್ದರೆ? ಅಲ್ಲಿಯೂ ಯಾರೋ ತಂತಿ ಕಿತ್ತಿರಬಹುದು. ತಿದ್ದಿದ್ದನ್ನು ಮೂಲಕ್ಕೆ ಕಳುಹಿಸಬೇಕು ಎಂದು ಆತನಿಗೆ ಅನಿಸಿತು.

ಮೂರು ಸಾಲಿನ ಉತ್ತರ

ಕಳುಹಿಸುವುದೇ ಆದರೆ ಚೆನ್ನಾಗಿಯೇ ಕಳುಹಿಸೋಣ ಎಂದು ಹುಡುಗ ಒಂದು ತಿಂಗಳು ಕುಳಿತ. ತಪ್ಪು ತಿದ್ದಿದ್ದಷ್ಟೇ ಅಲ್ಲದೆ, ಒಂದೇ ಲೆಕ್ಕ ಮೂರು ಕಡತಗಳಲ್ಲಿ ಮೂರು ಬಗೆಯಲ್ಲಿ ಬರೆದಿದ್ದುದನ್ನು ಒಟ್ಟು ಮಾಡಿದ. ತನ್ನಲ್ಲಿದ್ದ ಇನ್ನೊಂದು ಹೊಸ ಸಂವೇದಕವನ್ನೂ ಓದುವಂತೆ ಮಾಡಿದ. ಕೈಪಿಡಿ ತಿದ್ದಿದ. ಹೆಸರುಗಳನ್ನು ಬದಲಿಸಿದ, ಸಾಲುಗಳ ಅಂಚು ನೇರ ಮಾಡಿದ. ಎಲ್ಲ ಸೇರಿ 600 ಸಾಲು ದಾಟಿತು. ಒಂದೇ ಪ್ಯಾಚ್ ಮಾಡಿ ಕಳುಹಿಸಿದ.

ಹನ್ನೊಂದು ದಿನಗಳ ಬಳಿಕ ಆ ತಂತ್ರಾಂಶದ ಹಿರಿಯ ನಿರ್ವಾಹಕರೊಬ್ಬರಿಂದ ಉತ್ತರ ಬಂತು. ಮೂರೇ ಸಾಲು. ಕಳುಹಿಸಿದ್ದಕ್ಕೆ ಧನ್ಯವಾದ. ನೀವು ಕಂಡುಹಿಡಿದ ತಪ್ಪು ನಿಜ. ಆದರೆ ಇದನ್ನು ಹೀಗೆ ಓದಲು ಸಾಧ್ಯವಿಲ್ಲ, ದಯವಿಟ್ಟು ಒಂದು ಪ್ಯಾಚ್ ಒಂದೇ ಕೆಲಸ ಮಾಡುವಂತೆ ತುಂಡು ಮಾಡಿ ಕಳುಹಿಸಿ.

ತಿಂಗಳ ದುಡಿಮೆಯನ್ನು ಓದಲಿಕ್ಕೂ ಆಗುವುದಿಲ್ಲವಂತೆ ಎಂದು ಹುಡುಗನಿಗೆ ಬೇಸರವಾಯಿತು. ಮನೆಯ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ತಾಯಿ ಮಗನ ಮುಖ ನೋಡಿ ಕೇಳಿದರು.

“ಎಂಥ ಆಯಿತು ಮಗಾ?”

“ರಿಜೆಕ್ಟ್ ಮಾಡಿದರು ಅಮ್ಮ.”

“ಯಾಕಂತೆ, ಹೇಳಿದರಾ?”

“ಎಲ್ಲ ಒಟ್ಟಿಗೆ ಇದೆಯಂತೆ. ಬೇರೆ ಬೇರೆ ಮಾಡಿ ಕೊಡಬೇಕಂತೆ.”

“ಕಾರಣ ಹೇಳಿದ್ದಾರಲ್ಲ, ಮತ್ತೆಂಥ? ನಮ್ಮ ಬ್ರಾಂಚಿನಲ್ಲಿ ಅದನ್ನೂ ಹೇಳುವುದಿಲ್ಲ.”

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ಬೀಡಿಯನ್ನು ಹೆಂಗಸರು ಬ್ರಾಂಚಿಗೆ ಒಯ್ಯುತ್ತಾರೆ. ಅಲ್ಲಿ ಕಟ್ಟು ಬಿಡಿಸಿ ನೋಡಿ, ಸರಿ ಕಾಣದ್ದನ್ನು ತೆಗೆದು ಹಾಕುತ್ತಾರೆ. ಸಾವಿರಕ್ಕೆ ಇಷ್ಟು ಎಂದು ಸಿಗುವ ಕೂಲಿಯಲ್ಲಿ ಅದಕ್ಕೆ ಲೆಕ್ಕವಿಲ್ಲ. ಮುಕ್ತ ತಂತ್ರಾಂಶದ ಬ್ರಾಂಚಿನಲ್ಲಿಯೂ ರಿಜೆಕ್ಟ್ ಇದೆ, ಬೇಕಾದಷ್ಟಿದೆ. ಆದರೆ ಏಕೆ ಎಂದು ಬರೆದು ಹೇಳಬೇಕು, ಅದನ್ನು ಎಲ್ಲರೂ ಓದುವಂತಿರಬೇಕು ಎಂಬುದು ಅಲ್ಲಿನ ಪದ್ಧತಿ. ತಿದ್ದಿ ತಂದರೆ ಮತ್ತೆ ನೋಡುತ್ತಾರೆ.

ತುಂಡು ಮಾಡುವುದು ಏಕೆ?

ಕಾರಣ ಸರಳವಾಗಿದೆ. ಒಂದು ಪ್ಯಾಚ್ ಬಂದರೆ ಅದನ್ನು ಒಬ್ಬರು ಕುಳಿತು ಓದಬೇಕು. ಹತ್ತು ಸಾಲು ಬದಲಾಗಿದ್ದರೆ ಹತ್ತನ್ನೂ ಕಣ್ಣಿಟ್ಟು ಓದಬಹುದು. 600 ಸಾಲಾದರೆ ಕಣ್ಣು ಜಾರುತ್ತದೆ. ಹೆಸರು ಬದಲಿಸಿದ 300 ಸಾಲಿನ ನಡುವೆ ಅರ್ಥವೇ ಬದಲಾದ ಒಂದು ಸಾಲು ಅಡಗಿದ್ದರೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಲಿನಕ್ಸ್‌ನಂಥ ದೊಡ್ಡ ಯೋಜನೆಗಳಲ್ಲಿ ಒಂದು ಕಟ್ಟುನಿಟ್ಟು ಬೆಳೆದು ಬಂದಿದೆ. ದೊಡ್ಡ ಕೆಲಸವಾದರೆ ಅದನ್ನು ಪ್ಯಾಚ್‌ಗಳ ಒಂದು ಸರಣಿ ಮಾಡಬೇಕು. 5ರಲ್ಲಿ 1, 5ರಲ್ಲಿ 2 ಎಂದು ಸಂಖ್ಯೆ ಹಾಕಬೇಕು. ಮುಂದೆ ‘5ರಲ್ಲಿ 0’ ಎಂಬ ಮುಖಪತ್ರ ಇಡಬೇಕು. ಒಟ್ಟು ಸರಣಿ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂದು ಅದರಲ್ಲಿ ವಿವರಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಸರಣಿಯಲ್ಲಿ ಎಲ್ಲಿ ನಿಲ್ಲಿಸಿದರೂ ತಂತ್ರಾಂಶ ಕೆಲಸ ಮಾಡುತ್ತಿರಬೇಕು. ಮೂರನೆಯ ಪ್ಯಾಚ್ ಹಾಕಿದಾಗ ಒಡೆದು, ನಾಲ್ಕನೆಯದು ಹಾಕಿದಾಗ ಸರಿಯಾಗುವ ಹಾಗಿದ್ದರೆ ಒಪ್ಪುವುದಿಲ್ಲ.

ಈ ಕೊನೆಯ ನಿಯಮದ ಹಿಂದೆ ಒಂದು ಸೊಗಸಾದ ಗಣಿತವಿದೆ. ಹಿಂದೆ ಸರಿಯಿದ್ದ ತಂತ್ರಾಂಶ ಇಂದು ಕೆಟ್ಟಿದೆ, ನಡುವೆ 1024 ಬದಲಾವಣೆಗಳಾಗಿವೆ ಎಂದಿಟ್ಟುಕೊಳ್ಳಿ. ತಪ್ಪಿತಸ್ಥ ಬದಲಾವಣೆ ಯಾವುದು? ಒಂದೊಂದಾಗಿ ನೋಡುತ್ತಾ ಹೋದರೆ ವರ್ಷ ಕಳೆಯುತ್ತದೆ. ಬದಲಿಗೆ ನಡುವಿನ ಒಂದು ಹಂತಕ್ಕೆ ಹೋಗಿ ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ತಪ್ಪು ನಂತರದ ಅರ್ಧದಲ್ಲಿದೆ, ಕೆಟ್ಟಿದ್ದರೆ ಮೊದಲಿನ ಅರ್ಧದಲ್ಲಿದೆ. 1024 ಇದ್ದದ್ದು 512 ಆಯಿತು, 256 ಆಯಿತು, 128 ಆಯಿತು. ಹತ್ತೇ ಪರೀಕ್ಷೆಗಳಲ್ಲಿ ಒಂದೇ ಒಂದು ಪ್ಯಾಚ್ ಕೈಗೆ ಸಿಗುತ್ತದೆ. ನಿಘಂಟಿನಲ್ಲಿ ಪದ ಹುಡುಕುವಾಗ ನಡುವೆ ತೆರೆದು ಹಿಂದೆ ಮುಂದೆ ಹೋಗುವ ಕ್ರಮವೇ ಇದು. ಆದರೆ ನಡುವಿನ ಪ್ರತಿ ಹಂತವೂ ಓಡುವಂತಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಕೊನೆಗೆ ಸಿಕ್ಕಿದ ಪ್ಯಾಚ್ ಹತ್ತು ಸಾಲಿನದಾದರೆ ತಪ್ಪು ಕಣ್ಣೆದುರಿಗೇ ಇರುತ್ತದೆ. 600 ಸಾಲಿನದಾದರೆ ಹುಡುಕಾಟ ಮತ್ತೆ ಮೊದಲಿಂದ.

ಹುಡುಗ ತುಂಡು ಮಾಡಲು ಕುಳಿತ. ಆರು ರಾತ್ರಿ ಹಿಡಿಯಿತು. ಅಂಚು ನೇರ ಮಾಡಿದ ಸಾಲುಗಳನ್ನೆಲ್ಲ ಬಿಟ್ಟುಬಿಟ್ಟ. ಉಳಿದದ್ದನ್ನು ಐದಾಗಿ ವಿಂಗಡಿಸಿದ. ಮೊದಲನೆಯದು ಸೊನ್ನೆಯ ಕೆಳಗಿನ ಲೆಕ್ಕವನ್ನು ಸರಿಪಡಿಸುವುದು. ಇದು ಎಲ್ಲಕ್ಕಿಂತ ಮುಂದೆ ಇರಬೇಕು, ಏಕೆಂದರೆ ಹಳೆಯ ಆವೃತ್ತಿಯನ್ನೇ ಬಳಸುತ್ತಿರುವವರು ಇದೊಂದನ್ನೇ ಎತ್ತಿ ಹಾಕಿಕೊಳ್ಳಬಹುದು. ಎರಡನೆಯದು ಆ ಲೆಕ್ಕವನ್ನು ಪರೀಕ್ಷಿಸುವ ಸಾಲುಗಳು. ಮೂರನೆಯದು ಮೂರು ಕಡೆಯಿದ್ದ ಲೆಕ್ಕವನ್ನು ಒಂದು ಕಡೆಗೆ ತರುವುದು. ಇದರಿಂದ ಉತ್ತರಗಳಲ್ಲಿ ಏನೂ ಬದಲಾಗಬಾರದು. ನಾಲ್ಕನೆಯದು ಹೊಸ ಸಂವೇದಕ. ಐದನೆಯದು ಕೈಪಿಡಿ.

ತುಂಡು ಮಾಡುವಾಗಲೇ ಒಂದು ಸಂಗತಿ ಬೆಳಕಿಗೆ ಬಂತು. ಮೂರನೆಯ ತುಂಡನ್ನು ಬೇರೆಯಾಗಿ ಓಡಿಸಿದಾಗ, ಏನೂ ಬದಲಾಗಬಾರದಿದ್ದ ಕಡೆ ಒಂದು ಉತ್ತರ ಬದಲಾಯಿತು. ಹೆಸರು ಬದಲಿಸುವ ಭರದಲ್ಲಿ ಬೇರೊಂದು ಹೆಸರು ಬಿದ್ದಿತ್ತು. 600 ಸಾಲಿನ ಮೂಟೆಯೊಳಗೆ ಆತನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇನ್ನೊಬ್ಬರು ಓದಲೆಂದು ಬಿಡಿಸಿಟ್ಟದ್ದು ಮೊದಲು ತನಗೇ ಓದಲು ಸಿಕ್ಕಿತು.

ವಿವರಣೆ ಬರೆಯುವುದು ಕೋಡು ಬರೆಯುವುದಕ್ಕಿಂತ ಕಷ್ಟವಾಯಿತು. ಪ್ರತಿ ಪ್ಯಾಚಿನ ನೆತ್ತಿಯಲ್ಲಿಯೂ ಏನು ಮಾಡಿದೆ ಎಂಬುದಕ್ಕಿಂತ ಏಕೆ ಮಾಡಿದೆ ಎಂದು ನಾಲ್ಕು ಮಾತು ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. ಹುಡುಗ ಮೊದಲು ಕನ್ನಡದಲ್ಲಿ ಬರೆದುಕೊಂಡು, ವಿಚಾರ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ಇಳಿಸುವ ಕ್ರಮ ಇಟ್ಟುಕೊಂಡ.

ಕಿನ್ನಿಕಂಬಳದ ಕೀಲಿಮಣೆ

ಲಿನಕ್ಸ್ ಗಣಕದಲ್ಲಿ ಕನ್ನಡ ಬರೆಯಲು ಕೀಲಿಮಣೆಯ ಪಟ್ಟಿ ತೆರೆದರೆ ಅಲ್ಲಿ ‘ಕನ್ನಡ (ಕಗಪ, ಫೊನೆಟಿಕ್)’ ಎಂಬ ಹೆಸರು ಕಾಣುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಈ ವಿನ್ಯಾಸದ ಮೂಲ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರದು. ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ನೂರಾರು ಅಕ್ಷರರೂಪಗಳ ಕನ್ನಡವನ್ನು ಇಪ್ಪತ್ತಾರು ಕೀಲಿಗಳೊಳಗೆ ಕೂರಿಸಿದ ಅವರು ಅದನ್ನು ತನ್ನದೆಂದು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ‘ಸೇಡಿಯಾಪು’ ತಂತ್ರಾಂಶವನ್ನೂ ಧರ್ಮಕ್ಕೇ ಕೊಟ್ಟರು. ಆ ವಿನ್ಯಾಸ ಇಂದು ಲಿನಕ್ಸ್ ಗಣಕಗಳ ಸಾಮಾನ್ಯ ಕೀಲಿಮಣೆ ಸಂಗ್ರಹದೊಳಗೆ ಸೇರಿದೆ. ಕನ್ನಡಕ್ಕೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಕಗಪ ಹೆಸರಿನ ವಿನ್ಯಾಸ ಅಲ್ಲಿದೆ.

ಆ ಸಂಗ್ರಹದಲ್ಲಿ ಭಾರತದ ಭಾಷೆಗಳ ವಿನ್ಯಾಸಗಳೆಲ್ಲ ಒಂದೇ ಕಡತದಲ್ಲಿ ಅಕ್ಕಪಕ್ಕದಲ್ಲಿವೆ. ಕನ್ನಡದ ಒಂದು ಕೀಲಿ ತಿದ್ದಲು ಹೋದವರ ಕೈ ಜಾರಿದರೆ ನೆರೆಮನೆಯ ತೆಲುಗಿಗೋ ತಮಿಳಿಗೋ ಪೆಟ್ಟಾಗಬಹುದು. ಓದಿ ನೋಡುವವರಿಗೆ ನಮ್ಮ ಲಿಪಿ ಬಾರದು. ಅವರು ನಂಬಬೇಕಾದದ್ದು ಪ್ಯಾಚಿನ ಗಾತ್ರವನ್ನು, ಅದರ ವಿವರಣೆಯನ್ನು. ಒಂದು ಪ್ಯಾಚ್ ಒಂದೇ ಕೆಲಸ ಮಾಡಬೇಕೆಂಬ ನಿಯಮ ಭಾಷೆ ಬಾರದವರ ನಡುವೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಎರಡನೆಯ ಸಲ, ಮೂರನೆಯ ಸಲ

ಹುಡುಗನ ಐದು ಪ್ಯಾಚ್‌ಗಳು ‘ಎರಡನೆಯ ಆವೃತ್ತಿ’ ಎಂಬ ಗುರುತಿನೊಂದಿಗೆ ಹೋದವು. ಈ ಸಲ ಮರುದಿನವೇ ಉತ್ತರ. ಬೇರೊಂದು ದೇಶದಲ್ಲಿ ಕುಳಿತ ಒಬ್ಬರು ಮೊದಲ ಪ್ಯಾಚಿನ ಒಂದು ಸಾಲಿನ ಕೆಳಗೆ ಕೇಳಿದ್ದರು: ಸಂಖ್ಯೆ ಸರಿಯಾಗಿ 2048 ಆಗಿದ್ದರೆ ಏನಾಗುತ್ತದೆ?

4096ರ ಅರ್ಧ 2048. 2047ರವರೆಗೆ ಸೊನ್ನೆಯ ಮೇಲೆ, 2048ರಿಂದ ಸೊನ್ನೆಯ ಕೆಳಗೆ. ಹುಡುಗ ‘2048ಕ್ಕಿಂತ ಹೆಚ್ಚಿದ್ದರೆ 4096 ಕಳೆ’ ಎಂದು ಬರೆದಿದ್ದ. ‘2048 ಅಥವಾ ಹೆಚ್ಚಿದ್ದರೆ’ ಎಂದಿರಬೇಕಿತ್ತು. ಆತ ಬರೆದ ಹಾಗಿದ್ದರೆ ಮೈನಸ್ 128 ಡಿಗ್ರಿಯನ್ನು ತಂತ್ರಾಂಶ ಪ್ಲಸ್ 128 ಎನ್ನುತ್ತಿತ್ತು. ಅಷ್ಟು ಚಳಿಯ ಮೀನಿನ ಕೋಣೆ ಎಲ್ಲಿಯೂ ಇಲ್ಲ, ನಿಜ. ಆದರೆ ತಪ್ಪು ತಪ್ಪೇ. ಒಂದೇ ಚಿಹ್ನೆಯ ಈ ವ್ಯತ್ಯಾಸ ಕಣ್ಣಿಗೆ ಬಿದ್ದದ್ದು ಪ್ಯಾಚ್ ನಾಲ್ಕೇ ಸಾಲಿನದಾಗಿದ್ದರಿಂದ. ಮೂರನೆಯ ಆವೃತ್ತಿ ಹೋಯಿತು. ಹಿಂದಿನದಕ್ಕಿಂತ ಇದರಲ್ಲಿ ಏನು ಬದಲಾಗಿದೆ ಎಂದು ಮುಖಪತ್ರದಲ್ಲಿ ಬರೆಯಬೇಕು, ಬರೆದ. ಯಾರು ತೋರಿಸಿಕೊಟ್ಟರೋ ಅವರ ಹೆಸರನ್ನೂ ಹಾಕಿದ.

ಪ್ರತಿ ಪ್ಯಾಚಿನ ಕೊನೆಗೆ ಒಂದು ಸಹಿಯ ಸಾಲೂ ಇತ್ತು. ಈ ಪದ್ಧತಿಗೆ ಒಂದು ಕಥೆ ಇದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಆರಂಭಿಸಿದ ಲಿನಕ್ಸ್ ಹತ್ತು ಹನ್ನೆರಡು ವರ್ಷಗಳಲ್ಲಿ ದೊಡ್ಡ ಕಂಪೆನಿಗಳ ಯಂತ್ರಗಳನ್ನೂ ನಡೆಸತೊಡಗಿತು. 2003ರಲ್ಲಿ ಎಸ್‌ಸಿಒ ಎಂಬ ಕಂಪೆನಿ, ಲಿನಕ್ಸ್ ಒಳಗೆ ತನ್ನ ಕೋಡು ಸೇರಿಕೊಂಡಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಎಂದು ಹೇಳಲು ಕಾಗದಪತ್ರ ಬೇಕಾಯಿತು. 2004ರಿಂದ, ಇದು ನನ್ನದೇ ಅಥವಾ ಕೊಡಲು ನನಗೆ ಹಕ್ಕಿರುವ ಕೆಲಸ ಎಂದು ಕಳುಹಿಸುವವರು ಸಹಿಯ ಸಾಲು ಹಾಕುವ ನಿಯಮ ಬಂತು. ಮರುವರ್ಷ, 2005ರ ಏಪ್ರಿಲ್‌ನಲ್ಲಿ, ಈ ಪ್ಯಾಚ್‌ಗಳ ರಾಶಿಯನ್ನು ಸಂಬಾಳಿಸಲು ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ‘ಗಿಟ್’ ಎಂಬ ಸಾಧನವನ್ನು ಬರೆದರು. ಇಂದು ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುವ ಲಿನಕ್ಸ್‌ನ ಪ್ರತಿ ಹೊಸ ಆವೃತ್ತಿಯಲ್ಲಿ 10,000ಕ್ಕೂ ಮಿಕ್ಕಿದ ಬದಲಾವಣೆಗಳಿರುತ್ತವೆ. ಪ್ರತಿಯೊಂದಕ್ಕೂ ಸಹಿ ಇದೆ, ಕಾರಣ ಬರೆದಿದೆ.

ನಂಬಿಕೆಯ ಪರೀಕ್ಷೆ

ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಮೋಸ ನಡೆಯುವುದಿಲ್ಲವೇ? ನಡೆದಿದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು, ಪರಿಶೀಲಕರು ಎಷ್ಟು ಎಚ್ಚರವಾಗಿದ್ದಾರೆ ನೋಡೋಣ ಎಂದು ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳನ್ನು ಲಿನಕ್ಸ್‌ಗೆ ಕಳುಹಿಸಿದ್ದರು. 2021ರ ಏಪ್ರಿಲ್‌ನಲ್ಲಿ ಇದು ದೊಡ್ಡ ರಾದ್ಧಾಂತವಾಯಿತು. ಆ ವಿಶ್ವವಿದ್ಯಾಲಯದಿಂದ ಏನನ್ನೂ ಸ್ವೀಕರಿಸುವುದಿಲ್ಲ ಎಂದು ಹಿರಿಯ ನಿರ್ವಾಹಕ ಗ್ರೆಗ್ ಕ್ರೋ-ಹಾರ್ಟ್‌ಮನ್ ಘೋಷಿಸಿದರು. ಅಲ್ಲಿಂದ ಹಿಂದೆ ಬಂದಿದ್ದ ನೂರಾರು ಪ್ಯಾಚ್‌ಗಳನ್ನು ಮತ್ತೆ ಓದಬೇಕಾಯಿತು. ಹೆಚ್ಚಿನವು ಒಳ್ಳೆಯವೇ ಎಂದು ತಿಳಿಯಿತು. ಸಂಶೋಧಕರು ಕ್ಷಮೆ ಕೇಳಿದರು. ಆದರೆ ಓದುವವರ ಎಷ್ಟೋ ಗಂಟೆಗಳು ವ್ಯರ್ಥವಾದವು.

ಇದಕ್ಕಿಂತ ಭಯಂಕರವಾದದ್ದು 2024ರಲ್ಲಿ ನಡೆಯಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸಿಡುವ ಒಂದು ಸಣ್ಣ ತಂತ್ರಾಂಶ; ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ಬಹುಕಾಲದಿಂದ ಒಬ್ಬರೇ ದಣಿದು ನಡೆಸುತ್ತಿದ್ದರು. ಜಿಯಾ ತಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ಪ್ಯಾಚ್‌ಗಳನ್ನು ಕಳುಹಿಸಿ, ವಿಶ್ವಾಸ ಗಳಿಸಿ, ಸಹನಿರ್ವಾಹಕರಾದರು. ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಅದನ್ನು ಕಂಡವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ತನ್ನ ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ದೊಡ್ಡ ಅನಾಹುತ ತಪ್ಪಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ವಿಷವನ್ನು ಇಟ್ಟದ್ದು ಎಲ್ಲರೂ ಓದುವ ಸಾಲುಗಳಲ್ಲಿ ಅಲ್ಲ. ಪರೀಕ್ಷೆಗೆಂದು ಇಟ್ಟಿದ್ದ, ಮನುಷ್ಯರು ಓದಲಾಗದ ಕಡತಗಳಲ್ಲಿ. ಅದನ್ನು ಎಬ್ಬಿಸುವ ಸಾಲನ್ನು ಹಂಚಿಕೆಗೆ ಕಟ್ಟಿದ ಮೂಟೆಯಲ್ಲಿ ಮಾತ್ರ. ಬಿಡಿಸಿ ಓದಬಹುದಾದ ಸಣ್ಣ ತುಂಡುಗಳಲ್ಲಿ ಅಡಗಲು ಜಾಗ ಸಿಗದ್ದು, ಯಾರೂ ಬಿಡಿಸಿ ನೋಡದ ಮೂಟೆಯಲ್ಲಿ ಅಡಗಿತು. ಕಳುಹಿಸುವವರು ಒಳ್ಳೆಯವರೋ ಕೆಟ್ಟವರೋ ಎಂದು ದೂರದಿಂದ ತಿಳಿಯಲು ಯಾವ ಉಪಾಯವೂ ಇಲ್ಲ. ಕಳುಹಿಸಿದ್ದನ್ನು ಓದಬಹುದೇ ಎಂದು ಕೇಳಬಹುದು. ಮುಕ್ತ ತಂತ್ರಾಂಶದ ನಂಬಿಕೆ ನಿಂತಿರುವುದು ಅಷ್ಟರ ಮೇಲೆ. ಬೈಕಂಪಾಡಿಯ ಹುಡುಗನಿಂದ ಯಾರೂ ಅಂಕಪಟ್ಟಿ ಕೇಳಲಿಲ್ಲ, ಯಾರ ಪರಿಚಯವಿದೆ ಎಂದೂ ಕೇಳಲಿಲ್ಲ. ಆ 600 ಸಾಲಿನ ಮೂಟೆಯನ್ನು ಬಿಡಿಸಿ ಎಂದು ಮಾತ್ರ ಕೇಳಿದರು.

ಸಾವಿರಕ್ಕೆ ಎಷ್ಟು?

ಮೂರನೆಯ ಆವೃತ್ತಿಯ ಮೊದಲೆರಡು ಪ್ಯಾಚ್‌ಗಳು ಒಂದೇ ವಾರದಲ್ಲಿ ಸ್ವೀಕಾರವಾದವು. ಮೂರನೆಯದರ ಮೇಲೆ ಇಬ್ಬರು ಪರಿಶೀಲಕರ ನಡುವೆ ಸ್ವಲ್ಪ ವಾದ ನಡೆದು, ಒಂದು ಹೆಸರು ಬದಲಾಗಿ ಅದೂ ಸೇರಿತು. ಐದರಲ್ಲಿ ಮೂರು. ನಾಲ್ಕನೆಯದು ಮಾತ್ರ ನಿಂತಿದೆ, ಏಕೆಂದರೆ ಆ ಹೊಸ ಸಂವೇದಕ ಬೇರೆ ಯಾರ ಬಳಿಯೂ ಇಲ್ಲ, ಪರೀಕ್ಷಿಸಿ ನೋಡುವವರಿಲ್ಲ. ಕೈಪಿಡಿಯ ಐದನೆಯದು ಅದರ ಹಿಂದೆ ಕಾಯುತ್ತಿದೆ. ಒಂದೇ ಮೂಟೆಯಾಗಿದ್ದರೆ ಎಲ್ಲವೂ ನಿಂತಿರುತ್ತಿತ್ತು. ಈಗ ಸೊನ್ನೆಯ ಕೆಳಗಿನ ಲೆಕ್ಕ ಮುಂದೆ ಹೋಗಿ ಬಳಸುವವರ ಕೈ ಸೇರಿದೆ.

ಈ ಮಳೆಗಾಲದ ಒಂದು ರಾತ್ರಿ ಶೈತ್ಯಾಗಾರದ ಕಂಪ್ರೆಸರ್ ನಿಂತುಹೋಯಿತು. ಉಷ್ಣತೆ ಏರುತ್ತಾ ಮೈನಸ್ 9ಕ್ಕೆ ಬಂದಾಗ ಬಝರ್ ಹೊಡೆಯಿತು. ಕಾವಲುಗಾರ ಫೋನು ಮಾಡಿದ, ಮೇಸ್ತ್ರಿ ಮಳೆಯಲ್ಲಿ ಸ್ಕೂಟರ್ ಹೊಡೆದುಕೊಂಡು ಬಂದರು, ಮೀನು ಉಳಿಯಿತು. ಮರುದಿನ ಧಣಿಗಳು ಹುಡುಗನ ಬೆನ್ನು ತಟ್ಟಿದರು. ಅವರಿಗೆ 2048ರ ಕಥೆ ಗೊತ್ತಿಲ್ಲ.

ತಾಯಿಗೆ ಮಾತ್ರ ಒಂದು ಸಂಶಯ ಉಳಿದಿತ್ತು. ತಂತ್ರಾಂಶದ ಇತಿಹಾಸದ ಪಟ್ಟಿಯಲ್ಲಿ ತನ್ನ ಹೆಸರನ್ನು ಮಗ ತೋರಿಸಿದಾಗ ಕೇಳಿದರು.

“ಇದಕ್ಕೆ ಸಾವಿರಕ್ಕೆ ಎಷ್ಟು ಕೊಡುತ್ತಾರೆ?”

“ಏನೂ ಕೊಡುವುದಿಲ್ಲ ಅಮ್ಮ.”

“ಮತ್ತೆ ಯಾಕೆ ನಿದ್ದೆಗೆಟ್ಟು ಮಾಡುವುದು?”

“ಅವರು ನಮಗೆ ಕೊಟ್ಟದ್ದಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ ಅಲ್ಲವಾ?”

ತಾಯಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಉಳಿದ ಎರಡು ಯಾವಾಗ?” ಎಂದರು.

ಹುಡುಗ ಹೊಸ ಸಂವೇದಕವನ್ನು ಐಸಿನಲ್ಲಿ, ಕೋಣೆಯಲ್ಲಿ, ಬಿಸಿನೀರಿನಲ್ಲಿ ಇಟ್ಟು ಬಂದ ಸಂಖ್ಯೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ದಾನೆ. ನಾಲ್ಕನೆಯ ಆವೃತ್ತಿಯ ಮುಖಪತ್ರದ ಕೆಳಗೆ ಅವುಗಳನ್ನು ಸೇರಿಸಿ ಕಳುಹಿಸುವ ತಯಾರಿಯಲ್ಲಿದ್ದಾನೆ. ಬಳಿಯಲ್ಲಿ ಸಂವೇದಕ ಇಲ್ಲದವರೂ ಸಂಖ್ಯೆಗಳನ್ನಾದರೂ ಓದಿ ನೋಡಬಹುದಲ್ಲ.